ಮಳೆ ಬಂತೆನ್ನಲು ಮಂಗೋಲಿಯನ್ ಭಾಷೆಯ ನಾಲ್ಕು ಬಗೆ

ಕೇಳುಗರಿಗೆ ನಮಸ್ಕಾರ.

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್ ನಗರದಲ್ಲಿ ಬೆಳಿಗ್ಗೆ ಎದ್ದು ಕಿಟಕಿ ತೆರೆದವರಿಗೆ ಒದ್ದೆ ನೆಲ ಕಂಡಿತೆನ್ನಿ. ಅವರು ‘ಬೊರೋ ಒರ್ಜೇ’ ಎನ್ನುತ್ತಾರೆ. ಬೊರೋ ಎಂದರೆ ಮಳೆ. ‘ಒರ್’ ಎಂಬುದು ಹೊಗು, ಅಂದರೆ ಪ್ರವೇಶಿಸು, ಎಂಬರ್ಥದ ಧಾತು. ಮಳೆ ಸುರಿದದ್ದನ್ನು ತಾವು ನೋಡಲಿಲ್ಲ, ಕುರುಹಿನಿಂದ ಈಗ ತಿಳಿಯಿತು ಎಂಬಷ್ಟನ್ನೂ ‘ಜೇ’ ಎಂಬ ಪುಟ್ಟ ಪ್ರತ್ಯಯ ಹೇಳಿಬಿಡುತ್ತದೆ. ಕಣ್ಣೆದುರಿಗೇ ಹನಿ ಬಿದ್ದರೆ ಮಾತು ‘ಬೊರೋ ಒರ್ಲೋ’ ಎಂದಾಗುತ್ತದೆ.

ಮಂಗೋಲಿಯಾದ ಶಿಷ್ಟ ಭಾಷೆಯಾದ ಖಾಲ್ಖದಲ್ಲಿ ಭೂತಕಾಲಕ್ಕೆ ವ್, ಸನ್, ಲಾ, ಜೇ ಎಂಬ ನಾಲ್ಕು ಪ್ರತ್ಯಯಗಳಿವೆ. ಧಾತುವಿನ ಸ್ವರಕ್ಕೆ ಹೊಂದಿಕೊಂಡು ‘ಲಾ’ ಎಂಬುದು ‘ಲೋ’, ‘ಲೇ’ ಎಂದೂ, ‘ಸನ್’ ಎಂಬುದು ‘ಸೆನ್’ ಎಂದೂ ಬದಲಾಗುತ್ತದೆ. ಆದರೆ ನಮ್ಮ ಬಂದೆ, ಬಂದೆವು, ಬಂದರು ಎಂಬಂತೆ ಪುರುಷ, ವಚನಗಳಿಗೆ ತಕ್ಕ ರೂಪಗಳು ಅಲ್ಲಿಲ್ಲ. ‘ವ್’ ಹೆಚ್ಚಾಗಿ ಬರಹದ ರೂಪ; ಆಡುಮಾತಿನಲ್ಲಿ ಮುಖ್ಯವಾಗಿ ಪ್ರಶ್ನೆಗಳಲ್ಲಿ ಉಳಿದಿದೆ. ‘ಸನ್’ ಮೂಲತಃ ಕೃದಂತ: ‘ಇರ್ಸೆನ್ ಹುನ್’ ಎಂದರೆ ಬಂದ ಮನುಷ್ಯ, ‘ಹುನ್ ಇರ್ಸೆನ್’ ಎಂದರೆ ಮನುಷ್ಯ ಬಂದ. ಕನ್ನಡದ ‘ಬಂದ’ ಎಂಬ ಪದವೂ ಹೀಗೆ ಎರಡೂ ಕೆಲಸ ಮಾಡುತ್ತದೆಯಾದ್ದರಿಂದ ನಮಗೆ ಇದರ ವಿವರಣೆಯೇ ಬೇಕಿಲ್ಲ.

‘ಲಾ’ ಸಮೀಪದ ಭೂತಕಾಲ, ‘ಜೇ’ ದೂರದ ಭೂತಕಾಲ ಎಂದು ಕೆಲವು ವ್ಯಾಕರಣಗಳು ವಿಂಗಡಿಸಿದ್ದುಂಟು. ಈ ವಿಂಗಡಣೆ ನನಗೆ ಒಪ್ಪಿಗೆಯಾಗದು. ಕ್ಷಣದ ಹಿಂದೆ ನಿಂತ ಮಳೆಯನ್ನೂ, ನೋಡದೆ ಊಹಿಸಿದ್ದಾದರೆ, ‘ಒರ್ಜೇ’ ಎನ್ನಬಹುದಲ್ಲವೆ? ಮೇಲಾಗಿ ‘ಲಾ’ ಇನ್ನೂ ನಡೆಯದ ಕ್ರಿಯೆಗೂ ಸಲ್ಲುತ್ತದೆ. ಹೊರಡಲೆಂದು ಎದ್ದವನು ‘ಬಿ ಯವ್ಲಾ’, ಅಂದರೆ ‘ನಾನು ಹೊರಟೆ’, ಎನ್ನುತ್ತಾನೆ. ಅಡುಗೆಮನೆಯಿಂದ ಕದಲದೆಯೇ ‘ಇದೋ ಬಂದೆ’ ಎಂದು ಕೂಗುವ ನಾವು ಅದಕ್ಕೆ ಅಚ್ಚರಿಪಡಬೇಕಾಗಿಲ್ಲ.

ಜನಪದ ಕಥೆಗಳಲ್ಲಿ ‘ಬೈಜೇ’, ಅಂದರೆ ‘ಇದ್ದನಂತೆ’, ಎಂಬ ರೂಪ ಬರುತ್ತದೆ, ಏಕೆಂದರೆ ಹೇಳುವವನು ಅದಕ್ಕೆ ಸಾಕ್ಷಿಯಲ್ಲ. ಆದರೂ ‘ಜೇ’ ಮತ್ತು ನಮ್ಮ ‘ಅಂತೆ’ ಒಂದೇ ಅಲ್ಲ. ಯಾರಾದರೂ ಹೇಳಿದ್ದರೆ ಮಾತ್ರ ನಾವು ‘ಮಳೆ ಬಂತಂತೆ’ ಎನ್ನುತ್ತೇವೆ. ಒದ್ದೆ ನೆಲವನ್ನು ಕಂಡಾಗ ‘ಮಳೆ ಬಂದಿದೆ’ ಎನ್ನುತ್ತೇವೆ. ಮಂಗೋಲಿಯನ್ನರ ‘ಜೇ’ ಈ ಎರಡನ್ನೂ ಒಳಗೊಳ್ಳುತ್ತದೆ. ಉತ್ತಮ ಪುರುಷದಲ್ಲಿ ಇದರ ಬಳಕೆ ಇನ್ನೂ ಸೊಗಸು: ಕುಳಿತಲ್ಲೇ ಕಣ್ಣುಮುಚ್ಚಿ, ಬೆಚ್ಚಿ ಎದ್ದವನು ‘ಬಿ ಉಂಟ್‌ಜೇ’, ನಾನು ನಿದ್ದೆ ಹೋಗಿಬಿಟ್ಟಿದ್ದೇನೆ, ಎನ್ನುತ್ತಾನೆ, ತನ್ನ ನಿದ್ದೆಗೆ ತಾನೇ ಸಾಕ್ಷಿಯಾಗಿರಲು ಅವನಿಂದ ಆಗಿರಲಿಲ್ಲ.