ರಿಕಾಲ್ ಆದ ಸ್ಲೀಪರ್ ಮನೆಯಲ್ಲೇ ಉಳಿದಿದ್ದರೆ

ಕೇಳುಗರೆಲ್ಲರಿಗೂ ನಮಸ್ಕಾರ. ಹಸುಗೂಸುಗಳನ್ನು ಮಲಗಿಸುವ ಸಾಮಾನುಗಳ ರಿಕಾಲ್ ಬಗ್ಗೆ ಇವತ್ತು ಮಾತಾಡೋಣ. ಮಾರಾಟವಾಗಿ ಹೋದ ಸಾಮಾನಿನಲ್ಲಿ ಅಪಾಯ ಕಂಡಾಗ ತಯಾರಕರು ಅದನ್ನು ವಾಪಸ್ ಪಡೆಯುವುದಕ್ಕೆ, ಇಲ್ಲವೇ ಸರಿಪಡಿಸಿಕೊಡುವುದಕ್ಕೆ ರಿಕಾಲ್ ಅನ್ನುತ್ತಾರೆ. ಘೋಷಣೆ ಆಯಿತು ಅಂದಮಾತ್ರಕ್ಕೆ ಸಾಮಾನು ಮನೆಯಿಂದ ಆಚೆ ಹೋಗುವುದಿಲ್ಲ. ಎಷ್ಟೋ ಮನೆಗಳಿಗೆ ಸುದ್ದಿಯೇ ಮುಟ್ಟಿರುವುದಿಲ್ಲ.

ಅಮೆರಿಕದ ಒಂದು ಪ್ರಕರಣ ನೋಡಿ. ಫಿಶರ್-ಪ್ರೈಸ್ ಕಂಪನಿಯ ‘ರಾಕ್ ಎನ್ ಪ್ಲೇ’ ಅನ್ನುವ ತೂಗುವ ಸ್ಲೀಪರ್ 2009ರಲ್ಲಿ ಮಾರುಕಟ್ಟೆಗೆ ಬಂತು. ತಲೆ ಮೇಲೆ, ಕಾಲು ಕೆಳಗೆ ಇರುವ ಹಾಗೆ ಸುಮಾರು 30 ಡಿಗ್ರಿ ಓರೆಯಲ್ಲಿ ಕೂಸನ್ನು ಮಲಗಿಸುವ ಸಾಮಾನು ಅದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇದನ್ನು ವಾಪಸ್ ಪಡೆಯಿರಿ ಎಂದು ಬಹಿರಂಗವಾಗಿ ಒತ್ತಾಯಿಸಿದ ಮೂರನೇ ದಿನ, 2019ರ ಏಪ್ರಿಲ್ 12ರಂದು, ಸುಮಾರು 47 ಲಕ್ಷ ಸ್ಲೀಪರುಗಳ ರಿಕಾಲ್ ಆಯಿತು. ಅಷ್ಟರಲ್ಲಿ 30ಕ್ಕೂ ಹೆಚ್ಚು ಮಕ್ಕಳ ಸಾವು ವರದಿಯಾಗಿತ್ತು. ಅದೇ ತಿಂಗಳು ಕಿಡ್ಸ್ ಟೂ ಕಂಪನಿಯ ಸುಮಾರು 6 ಲಕ್ಷ 94 ಸಾವಿರ ಸ್ಲೀಪರುಗಳೂ ರಿಕಾಲ್ ಆದವು. ಇಷ್ಟಾದರೂ 2023ರ ಜನವರಿಯಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಅಂದರೆ ಸಿಪಿಎಸ್‌ಸಿ, ಅವೇ ರಿಕಾಲ್‌ಗಳನ್ನು ಮತ್ತೊಮ್ಮೆ ಘೋಷಿಸಬೇಕಾಯಿತು. ಫಿಶರ್-ಪ್ರೈಸ್ ಸ್ಲೀಪರಿನಲ್ಲಿ ವರದಿಯಾದ ಸಾವುಗಳು ಆ ಹೊತ್ತಿಗೆ ಸುಮಾರು 100. ಅವುಗಳಲ್ಲಿ ಕನಿಷ್ಠ 8 ಸಾವು ರಿಕಾಲ್ ಆದ ಮೇಲಿನವು. ವಾಪಸ್ ಕೊಡಿ ಎಂದು ಹೇಳಿದ ಮೇಲೂ ಸಾಮಾನು ಯಾವುದೋ ಕೋಣೆಯಲ್ಲಿ ಬಳಕೆಯಲ್ಲೇ ಇತ್ತು.

ಓರೆ ಯಾಕೆ ಅಪಾಯ? ಎಳೆ ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರ. ಕುತ್ತಿಗೆಗೆ ಇನ್ನೂ ಬಲ ಬಂದಿರುವುದಿಲ್ಲ. ಓರೆಯಲ್ಲಿ ಮಲಗಿಸಿದಾಗ ತಲೆ ಮುಂದಕ್ಕೆ ವಾಲಿ ಗದ್ದ ಎದೆಗೆ ತಾಗುತ್ತದೆ. ಉಸಿರಿನ ಕೊಳವೆ ಕಿರಿದು, ಮೆತ್ತಗೆ. ರಬ್ಬರ್ ಪೈಪು ಮಡಚಿಕೊಂಡಾಗ ನೀರು ನಿಲ್ಲುವ ಹಾಗೆ ಅಲ್ಲಿ ಗಾಳಿ ಕಟ್ಟಿಕೊಳ್ಳುತ್ತದೆ. ಅಳಬೇಕಾದರೂ ಉಸಿರು ಬೇಕಲ್ಲ, ಹಾಗಾಗಿ ಪಕ್ಕದಲ್ಲೇ ಮಲಗಿರುವ ತಾಯಿಗೂ ಸದ್ದು ಕೇಳಿಸದೆ ಹೋಗಬಹುದು. ಇನ್ನೊಂದು ಕಾರಣವೂ ಇದೆ. ಅರ್ಕಾನ್ಸಾಸ್ ವಿಶ್ವವಿದ್ಯಾಲಯದ ಎರಿನ್ ಮ್ಯಾನೆನ್ ಅವರ ತಂಡ ಸಿಪಿಎಸ್‌ಸಿಗಾಗಿ ಮಕ್ಕಳ ಸ್ನಾಯುಗಳ ಕೆಲಸವನ್ನು ಅಳೆದು 2019ರಲ್ಲಿ ವರದಿ ಕೊಟ್ಟಿತು. ಓರೆ ಸ್ಲೀಪರಿನಲ್ಲಿ ಮಗು ಮಗ್ಗುಲಾಗಿ ಬೋರಲು ಬಿದ್ದರೆ, ಮುಖ ಎತ್ತಿ ಉಸಿರಾಡಲು ಹೊಟ್ಟೆಯ ಸ್ನಾಯುಗಳು ಸಪಾಟು ಹಾಸಿಗೆಗಿಂತ ಹೆಚ್ಚು ದುಡಿಯಬೇಕಾಗುತ್ತದೆ. ಮಗು ಬೇಗ ಸುಸ್ತಾಗುತ್ತದೆ. 10 ಡಿಗ್ರಿ ಮೀರಿದ ಓರೆ ನಿದ್ದೆಗೆ ಸಲ್ಲದು ಅನ್ನುವುದು ಆ ಕೆಲಸದಿಂದ ಗಟ್ಟಿಯಾಯಿತು. 2022ರ ನವೆಂಬರಿನಿಂದ ಅಂಥ ಸ್ಲೀಪರುಗಳ ಮಾರಾಟವೇ ಅಮೆರಿಕದಲ್ಲಿ ನಿಷಿದ್ಧ. ತೊಟ್ಟಿಲಿನ ಒಳಸುತ್ತಿಗೆ ಕಟ್ಟುವ ಮೆತ್ತೆ, ಅಂದರೆ ಪ್ಯಾಡ್ ತುಂಬಿದ ಬಂಪರ್ ಕೂಡ ಅದೇ ಕಾಯ್ದೆಯಡಿ ನಿಷಿದ್ಧ.

ಈ 10 ಡಿಗ್ರಿಯನ್ನು ಮನೆಯಲ್ಲೇ ಅಳೆಯಬಹುದು. ಮಗು ಮಲಗುವ ಜಾಗದ ಮೇಲೆ ಉದ್ದಕ್ಕೆ ಒಂದು ನೇರ ಹಲಗೆ ಇಡಿ. ಹಲಗೆ 60 ಸೆಂಟಿಮೀಟರ್ ಉದ್ದವಿದ್ದು, ತಲೆಯ ಕಡೆಯ ತುದಿ ಕಾಲಿನ ಕಡೆಯ ತುದಿಗಿಂತ 10 ಸೆಂಟಿಮೀಟರಿಗೂ ಹೆಚ್ಚು ಎತ್ತರದಲ್ಲಿದ್ದರೆ ಓರೆ ಮಿತಿ ಮೀರಿದೆ ಅಂತ ತಿಳಿಯಿರಿ. 30 ಡಿಗ್ರಿ ಅಂದರೆ ಅದೇ ಹಲಗೆಗೆ 30 ಸೆಂಟಿಮೀಟರ್ ಎತ್ತರ. ಮಿತಿಯೊಳಗಿದ್ದರೆ ಸಾಕು ಅಂತಲೂ ಅಲ್ಲ. ಮಗುವಿಗೆ ಬೇಕಾದದ್ದು ಸಪಾಟಾದ, ಗಟ್ಟಿಯಾದ ಹಾಸಿಗೆ.

ಹಾಲು ಕಕ್ಕುವ ಮಗುವನ್ನು ಸಪಾಟಾಗಿ ಅಂಗಾತ ಮಲಗಿಸಿದರೆ ಉಸಿರಿಗೆ ಸಿಕ್ಕಿಬಿಟ್ಟೀತು ಅನ್ನುವ ಭಯ ನಮ್ಮ ಅಜ್ಜಿಯರಿಗೂ ಇದೆ, ಅಮ್ಮಂದಿರಿಗೂ ಇದೆ. ಓರೆ ಸ್ಲೀಪರನ್ನು ಎಷ್ಟೋ ಜನ ಕೊಂಡದ್ದೇ ಆ ಭಯಕ್ಕೆ. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ಮೇಲೆ ಬಂದ ಹಾಲು ಉಸಿರಿನ ಕೊಳವೆಗೆ ಹೋಗಬೇಕಾದರೆ ಏರು ಹತ್ತಬೇಕು. ಬೋರಲು ಮಲಗಿಸಿದರೆ ಇದು ತಿರುವುಮುರುವು. ಹಾಲು ಕುಡಿಸಿದ ಮೇಲೆ ಭುಜದ ಮೇಲೆ ಹಾಕಿಕೊಂಡು ತೇಗಿಸಿ, ಸ್ವಲ್ಪ ಹೊತ್ತು ನೆಟ್ಟಗೆ ಎತ್ತಿಕೊಂಡಿದ್ದು, ಆಮೇಲೆ ಅಂಗಾತ ಮಲಗಿಸಿ. ಹಾಸಿಗೆಯ ಕೆಳಗೆ ಬಟ್ಟೆ ಸುತ್ತಿಟ್ಟು ತಲೆ ಎತ್ತರಿಸುವುದು ಬೇಡ. ತೂಕ ಏರದಿದ್ದರೆ, ವಾಂತಿ ಹಸಿರಾಗಿದ್ದರೆ, ಚಿಮ್ಮಿ ಬರುತ್ತಿದ್ದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ.

ದಿಂಬಿನ ವಿಷಯ ಬೇರೆಯಾಗಿ ಹೇಳಬೇಕು. 2021ರ ಸೆಪ್ಟೆಂಬರಿನಲ್ಲಿ ಬಾಪಿ ಕಂಪನಿಯ ನವಜಾತ ಶಿಶುಗಳ ಲೌಂಜರ್, ನಡುವೆ ತಗ್ಗಿರುವ ದಪ್ಪ ದಿಂಬು, 33 ಲಕ್ಷದಷ್ಟು ರಿಕಾಲ್ ಆಯಿತು. 8 ಮಕ್ಕಳು ತೀರಿಕೊಂಡಿದ್ದರು, ರಿಕಾಲ್ ನಂತರ ಇನ್ನೂ 2 ಸಾವು ವರದಿಯಾದವು. ಮೆತ್ತನೆಯ ಬಟ್ಟೆಗೆ ಮೂಗು ಒತ್ತಿಕೊಳ್ಳುವುದು, ಜಾರಿ ಗದ್ದ ಎದೆಗೆ ಬೀಳುವುದು ಇಲ್ಲಿನ ಅಪಾಯ. ನಮ್ಮಲ್ಲಿ ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ಇಡುತ್ತೇವೆ. ತಲೆಯ ಆಕಾರಕ್ಕಾಗಿ ಮಾರುವ ದಿಂಬುಗಳನ್ನು ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ, ಅಂದರೆ ಎಫ್‌ಡಿಎ, 2022ರ ನವೆಂಬರಿನಲ್ಲಿ ಎಚ್ಚರಿಸಿತು. ಸಾಸಿವೆ ದಿಂಬಿಗೆ ಯಾವ ರಿಕಾಲ್ ನೋಟಿಸೂ ಬರದೇ ಇರಬಹುದು. ಅಪಾಯ ಅದೇ: ಮಗು ತಲೆ ಹೊರಳಿಸಿದರೆ ಮೂಗು ದಿಂಬಿನ ಅಂಚಿಗೆ ಸಿಗುತ್ತದೆ, ಹೊಲಿಗೆ ಬಿಚ್ಚಿದರೆ ಕಾಳು ಬಾಯಿಗೆ, ಮೂಗಿಗೆ. ತಲೆ ಒಂದು ಕಡೆ ಚಪ್ಪಟೆಯಾಗದಿರಲು ಮಗು ಎಚ್ಚರವಿದ್ದಾಗ ನಿಮ್ಮ ಕಣ್ಣೆದುರಿಗೆ ಬೋರಲು ಹಾಕಿ ಆಡಿಸಿ, ಮಲಗಿಸುವಾಗ ತಲೆಯ ದಿಕ್ಕು ಬದಲಾಯಿಸುತ್ತಾ ಇರಿ. ಸೀರೆಯ ಜೋಲಿಯಲ್ಲೂ, ಸ್ಪ್ರಿಂಗ್ ಹಾಕಿದ ಜೋಕಾಲಿ ತೊಟ್ಟಿಲಲ್ಲೂ ಬೆನ್ನು ಬಾಗಿ ಗದ್ದ ಎದೆಗೆ ಸೇರುತ್ತದೆ. ತೂಗಿ ಸಮಾಧಾನ ಮಾಡಿ, ಮಗು ಕಣ್ಣು ಮುಚ್ಚಿದ ಮೇಲೆ ಸಪಾಟು ಹಾಸಿಗೆಗೆ ಇಳಿಸಿ. ಕಾರ್ ಸೀಟಿನಲ್ಲಿ ನಿದ್ದೆ ಹೋದ ಮಗುವಿಗೂ ಇದೇ ಮಾತು: ಊರು ತಲುಪಿದ ಕೂಡಲೇ ಎತ್ತಿ ಮಲಗಿಸಿ.

ಈಗ ನಿಮ್ಮ ಮನೆಯ ಸಾಮಾನು ರಿಕಾಲ್ ಆಗಿದೆಯೋ ಇಲ್ಲವೋ ನೋಡುವುದು ಹೇಗೆ? ಹೆಸರೊಂದೇ ಸಾಲದು. ಒಂದೇ ಹೆಸರಿನಲ್ಲಿ ಹತ್ತಾರು ಮಾದರಿಗಳು ಇರುತ್ತವೆ. ಸಾಮಾನನ್ನು ತಲೆಕೆಳಗು ಮಾಡಿ. ಚೌಕಟ್ಟಿನ ಕಾಲಿನ ಒಳಬದಿ, ಬಟ್ಟೆಯ ಅಡಿಗೆ ಹೊಲಿದ ಚೀಟಿ, ಹಾಸಿಗೆಯ ತಳ, ಇಲ್ಲೆಲ್ಲ ಹುಡುಕಿದರೆ ಮಾದರಿ ಸಂಖ್ಯೆ, ತಯಾರಾದ ದಿನಾಂಕ ಅಥವಾ ಬ್ಯಾಚ್ ಸಂಖ್ಯೆ ಸಿಗುತ್ತದೆ. ಫೋಟೊ ತೆಗೆದಿಟ್ಟುಕೊಳ್ಳಿ. ಅದನ್ನು ಸಿಪಿಎಸ್‌ಸಿ ಡಾಟ್ ಗವ್ ಜಾಲತಾಣದ ರಿಕಾಲ್ ಪಟ್ಟಿಯ ಜೊತೆ ತಾಳೆ ನೋಡಿ. ಕೆನಡಾ, ಆಸ್ಟ್ರೇಲಿಯಾಗಳಲ್ಲೂ ಸರ್ಕಾರದ್ದೇ ಪಟ್ಟಿಗಳಿವೆ. ಹೊಸ ಸಾಮಾನಿನ ಪೆಟ್ಟಿಗೆಯಲ್ಲಿ ಬರುವ ನೋಂದಣಿ ಕಾರ್ಡನ್ನು ಹೆಚ್ಚಿನವರು ಎಸೆದುಬಿಡುತ್ತಾರೆ. ಅದನ್ನು ತುಂಬಿ ಕಳಿಸಿ. ರಿಕಾಲ್ ಆದರೆ ಕಂಪನಿ ನೇರ ನಿಮಗೇ ತಿಳಿಸುವುದು ಆ ವಿಳಾಸದಿಂದಲೇ. ಅಮೆರಿಕದ ಕಾಯ್ದೆಯ ಪ್ರಕಾರ ಆ ವಿವರವನ್ನು ಜಾಹೀರಾತಿಗೆ ಬಳಸುವ ಹಾಗಿಲ್ಲ.

ರಿಕಾಲ್ ಆಗಿದೆ ಅಂತ ಗೊತ್ತಾದರೆ ಆ ರಾತ್ರಿಯಿಂದಲೇ ನಿಲ್ಲಿಸಿ. ಇನ್ನೊಂದು ವಾರ ನಡೆಯಲಿ, ಬದಲಿ ಬಂದ ಮೇಲೆ ನೋಡೋಣ ಅನ್ನಬೇಡಿ. ಬದಲಿಗೆ ದುಬಾರಿ ತೊಟ್ಟಿಲೇ ಬೇಕಾಗಿಲ್ಲ. ನೆಲದ ಮೇಲೆ ಗಟ್ಟಿ ಹಾಸಿಗೆ, ಅದರ ಮೇಲೆ ಬಿಗಿಯಾಗಿ ಎಳೆದು ಸಿಕ್ಕಿಸಿದ ಒಂದೇ ಹೊದಿಕೆ, ದಿಂಬಿಲ್ಲ, ರಜಾಯಿ ಇಲ್ಲ, ಗೊಂಬೆ ಇಲ್ಲ. ಗೋಡೆಗೆ ಒತ್ತಿ ಹಾಕಬೇಡಿ, ಸಂದಿಯಲ್ಲಿ ಮಗು ಸಿಕ್ಕಿಕೊಳ್ಳುತ್ತದೆ. ಸರಳಿರುವ ತೊಟ್ಟಿಲಾದರೆ ಎರಡು ಸರಳಿನ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಅಂತರ ಇರಬಾರದು. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರುವಂತಿದ್ದರೆ ಆ ಹಾಸಿಗೆ ಅದಕ್ಕೆ ಸರಿಹೊಂದಿಲ್ಲ.

ಆಮೇಲೆ ನೋಟಿಸಿನಲ್ಲಿ ಪರಿಹಾರ ಏನಿದೆ ಅಂತ ಓದಿ. ಹಣ ವಾಪಸ್, ಬದಲಿ, ರಿಪೇರಿ, ಈ ಮೂರರಲ್ಲಿ ಒಂದು ಇರುತ್ತದೆ. ಪ್ರತಿ ರಿಕಾಲ್‌ನದೂ ಬೇರೆ ಕ್ರಮ. 2024ರ ಅಕ್ಟೋಬರಿನ ಫಿಶರ್-ಪ್ರೈಸ್ ಸ್ನುಗಾ ಸ್ವಿಂಗ್ ರಿಕಾಲ್‌ನಲ್ಲಿ ತಲೆದಿಂಬನ್ನೂ ಮೈಗೆ ಹಾಕುವ ಮೆತ್ತೆಯನ್ನೂ ತೆಗೆದು ನಾಶಮಾಡಿ, ಅದಕ್ಕೆ 25 ಡಾಲರ್ ಪಡೆಯಬೇಕಿತ್ತು. ಉಳಿದ ಜೋಕಾಲಿಯನ್ನು ಮಗು ಎಚ್ಚರವಿದ್ದಾಗ ಬಳಸಬಹುದು, ನಿದ್ದೆಗೆ ಕೂಡದು. ಕೆಲವು ಕಂಪನಿಗಳು ಬಟ್ಟೆ ಕತ್ತರಿಸಿದ ಫೋಟೊ ಕೇಳುತ್ತವೆ. ಆದ್ದರಿಂದ ಕಂಪನಿಯ ಜೊತೆ ಮಾತಾಡುವ ಮೊದಲೇ ಸಾಮಾನು ಎಸೆಯಬೇಡಿ. ಮಾತು ಮುಗಿದ ಮೇಲೆ ಬೆಲ್ಟು ಕತ್ತರಿಸಿ, ಬಟ್ಟೆ ಸೀಳಿ, ಚೌಕಟ್ಟು ಮುರಿದೇ ಕಸಕ್ಕೆ ಹಾಕಿ. ಚೆನ್ನಾಗಿ ಕಾಣುವ ಸಾಮಾನನ್ನು ರಸ್ತೆ ಬದಿಗೆ ಇಟ್ಟರೆ ಇನ್ಯಾರೋ ಮಗುವಿಗಾಗಿ ಎತ್ತಿಕೊಂಡು ಹೋಗುತ್ತಾರೆ.

ದಾನ ಕೊಡುವವರಿಗೂ ಒಂದು ಮಾತು. ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡ ಕುಟುಂಬಗಳಲ್ಲಿ ಮಕ್ಕಳ ಸಾಮಾನು ಮನೆಯಿಂದ ಮನೆಗೆ ಹೋಗುವುದು ಪ್ರೀತಿಯ ರೂಢಿ. ಬಾಣಂತನಕ್ಕೆ ಹೋದ ಅಜ್ಜಿ ವಾಪಸ್ ಬರುವಾಗ ಇಲ್ಲಿನ ಮೊಮ್ಮಗುವಿಗೂ ಒಂದು ತರುತ್ತಾರೆ. ಕೊಡುವ ಮುಂಚೆ ಮಾದರಿ ಸಂಖ್ಯೆ ನೋಡಿ. ರಿಕಾಲ್ ಆದದ್ದನ್ನು ಮಾರುವುದು ಅಮೆರಿಕದಲ್ಲಿ ಕಾನೂನುಬಾಹಿರ.

ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 20ನೇ ಕಲಮಿನ ಪ್ರಕಾರ, ಅಪಾಯಕಾರಿ ಸರಕನ್ನು ವಾಪಸ್ ಪಡೆಯಲು, ಹಣ ಹಿಂದಿರುಗಿಸಲು ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಮೆರಿಕದಲ್ಲಾದರೆ ಸೇಫರ್‌ಪ್ರಾಡಕ್ಟ್ಸ್ ಡಾಟ್ ಗವ್‌ನಲ್ಲಿ ದೂರು ದಾಖಲಿಸಬಹುದು. ಮಗುವಿಗೆ ಪೆಟ್ಟಾಗದಿದ್ದರೂ, ತಲೆ ಸಿಕ್ಕಿಕೊಂಡಿತ್ತು, ಕೊಕ್ಕೆ ಕಳಚಿತ್ತು ಅನ್ನುವಷ್ಟಾದರೂ ದೂರು ಕೊಡಿ. ಮಗುವಿನ ವಯಸ್ಸು, ಹೇಗೆ ಮಲಗಿಸಿದ್ದಿರಿ, ಹೇಗೆ ಸಿಕ್ಕಿತು, ಮಾದರಿ ಸಂಖ್ಯೆ, ಕೊಂಡ ದಿನ ಇಷ್ಟನ್ನು ಬರೆಯಿರಿ. ಹೀಗೆ ಅವಘಡ ನಡೆದಿದ್ದರೆ ಸಾಮಾನನ್ನು ಮುರಿಯಬೇಡಿ, ತೊಳೆಯಲೂಬೇಡಿ. ತನಿಖೆ ಮಾಡುವವರಿಗೆ ಅದು ಇದ್ದ ಹಾಗೇ ಬೇಕಾಗುತ್ತದೆ. ಒಂದು ಚೀಲದಲ್ಲಿ ಕಟ್ಟಿ, ಮೇಲೆ ದಿನಾಂಕ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಎತ್ತಿಡಿ.