ಕಬ್ಬಿನ ಬಿಲ್ಲು ಮಾಘದಲ್ಲಿ, ಕಾಲೇಜಿನ ಫೀ ಶ್ರಾವಣದಲ್ಲಿ

ಕೇಳುಗರೇ, ನಮಸ್ಕಾರ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಒಕ್ಕಲುತನದ ಮನೆಗಳಲ್ಲಿ ದುಡ್ಡು ಕಾಣುವುದು ಕಬ್ಬು ಕಾರ್ಖಾನೆಗೆ ಹೋದ ಮೇಲೆ, ತೊಗರಿ ರಾಶಿಯಾದ ಮೇಲೆ, ಒಣದ್ರಾಕ್ಷಿ ಮಾರಿದ ಮೇಲೆ. ಕಾಲೇಜಿನ ಶುಲ್ಕ, ರೂಮಿನ ಅಡ್ವಾನ್ಸು, ಖಾನಾವಳಿಯ ಮುಂಗಡ ಬಂದು ನಿಲ್ಲುವುದು ಮಾತ್ರ ಮಳೆಗಾಲದಲ್ಲಿ, ಬೀಜ ಗೊಬ್ಬರಕ್ಕೇ ಕೈ ಖಾಲಿಯಾಗಿರುವ ಹೊತ್ತಿಗೆ. ವಿದ್ಯಾರ್ಥಿವೇತನ ಬರುವುದು ಅದಕ್ಕೂ ಎಷ್ಟೋ ತಿಂಗಳ ನಂತರ. ವರ್ಷದ ಲೆಕ್ಕಕ್ಕೆ ಸಾಲುವ ದುಡ್ಡೂ ಬೇಕಾದ ತಿಂಗಳಲ್ಲಿ ಕೈಯಲ್ಲಿ ಇರುವುದಿಲ್ಲ. ಓದಿಗೆ ತೊಡಕಾಗುವುದು ಇಲ್ಲೇ.

ಈ ನಡುವಿನ ತಿಂಗಳುಗಳನ್ನು ಬಹಳ ಮನೆಗಳು ಬಡ್ಡಿ ಸಾಲದಿಂದ ದಾಟುತ್ತವೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಎಂದರೆ ಕೇಳಲಿಕ್ಕೆ ಸಣ್ಣದು, ವರ್ಷಕ್ಕೆ ಅದು ಶೇಕಡಾ 36. ಜುಲೈಯಲ್ಲಿ 20,000 ತಂದು ಮಾರ್ಚಿನಲ್ಲಿ ತೀರಿಸಿದರೆ ಬಡ್ಡಿಯೇ 4,800. ಹಾಗಾಗಿ ತಂದೆ ತಾಯಂದಿರಿಗೆ ಮೊದಲ ಮಾತು: ಕಬ್ಬಿನ ಬಿಲ್ಲು ಜಮೆಯಾದ ವಾರವೇ ಮುಂದಿನ ವರ್ಷದ ಶುಲ್ಕದಷ್ಟನ್ನು 6 ತಿಂಗಳ ಮುದ್ದತು ಠೇವಣಿಗೆ ಹಾಕಿಬಿಡಿ. ಉಳಿತಾಯ ಖಾತೆಯಲ್ಲೇ ಬಿಟ್ಟ ದುಡ್ಡು ಮದುವೆ, ಮುಂಜಿ, ಮೋಟಾರು ರಿಪೇರಿಗೆ ಕರಗಿ ಹೋಗುತ್ತದೆ.

ಇನ್ನು ವಿದ್ಯಾರ್ಥಿವೇತನ. ರಾಜ್ಯದ ಹೆಚ್ಚಿನ ಇಲಾಖೆಗಳ ಮೆಟ್ರಿಕ್ ನಂತರದ ಅರ್ಜಿ ಹಾಕುವುದು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಅರ್ಜಿ ತೆರೆಯುವ ಮೊದಲೇ ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆದು, ಅದರ ಮೇಲೆ ಆರ್‌ಡಿ ಎಂದು ಶುರುವಾಗುವ ಪ್ರಮಾಣಪತ್ರದ ಸಂಖ್ಯೆ ಬರೆದಿಟ್ಟುಕೊಳ್ಳಿ. ಆದಾಯ ಪತ್ರದ ಅವಧಿ 5 ವರ್ಷ. ಪಿಯುಸಿಗೆ ಮಾಡಿಸಿದ್ದು ಡಿಗ್ರಿಯ ಕೊನೆಯ ವರ್ಷ ಬರುವಷ್ಟರಲ್ಲಿ ಮುಗಿದಿರಬಹುದು. ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಎಂದಾದರೂ ಅರ್ಜಿ ಸಿಕ್ಕಿಬೀಳುತ್ತದೆ. ಅಡ್ಡಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ನಮ್ಮ ಕಡೆ ತೀರಾ ಸಾಮಾನ್ಯ. ಅರ್ಜಿ ತುಂಬಿ, ಕೊನೆಯ ಸಬ್ಮಿಟ್ ಒತ್ತದೆ ಬಿಟ್ಟರೆ ಅದು ಇಲಾಖೆಗೆ ತಲುಪುವುದೇ ಇಲ್ಲ. ಸ್ವೀಕೃತಿ ಪತ್ರ ಮುದ್ರಿಸಿಕೊಂಡು ಕಾಲೇಜಿನ ಕಚೇರಿಗೆ ಹೋಗಿ, ಪರಿಶೀಲನೆ ಆಗಿದೆಯೇ ಎಂದು ಕೇಳಿ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಬ್ಯಾಂಕ್ ಖಾತೆಯ ವಿಷಯದಲ್ಲಿ. ಮಂಜೂರಾಗಿದೆ ಎಂದು ತೋರಿಸುತ್ತದೆ, ಪಾಸ್‌ಬುಕ್ಕಿನಲ್ಲಿ ದುಡ್ಡಿಲ್ಲ. ಕಾರಣ ಇಷ್ಟು: ಈ ಹಣ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್ ಸಂಖ್ಯೆ ನೋಡಿ ಬರುತ್ತದೆ. ಕೊನೆಯ ಸಲ ಯಾವ ಬ್ಯಾಂಕಿಗೆ ನಿಮ್ಮ ಆಧಾರ್ ಸೀಡಿಂಗ್, ಅಂದರೆ ಸರ್ಕಾರದ ಹಣ ಪಡೆಯಲೆಂದು ಜೋಡಣೆ, ಆಗಿದೆಯೋ ಅಲ್ಲಿಗೇ ಹೋಗುತ್ತದೆ. ಮೊಬೈಲ್ ಅಂಗಡಿಯಲ್ಲಿ ಸಿಮ್ ಜೊತೆಗೆ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ ಮರೆತೇ ಹೋಗಿರುತ್ತದೆ, ದುಡ್ಡು ಅಲ್ಲಿ ಕುಳಿತಿರುತ್ತದೆ. ಖಾತೆಗೆ ಆಧಾರ್ ಝೆರಾಕ್ಸ್ ಕೊಟ್ಟ ಮಾತ್ರಕ್ಕೆ ಸೀಡಿಂಗ್ ಆಗುವುದಿಲ್ಲ, ಬ್ಯಾಂಕಿನಲ್ಲಿ ಅದಕ್ಕೆಂದೇ ಒಪ್ಪಿಗೆ ಪತ್ರ ಕೊಡಬೇಕು. ಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ಬ್ಯಾಂಕ್ ಸೀಡಿಂಗ್ ಸ್ಥಿತಿ ತೆರೆದರೆ ಬ್ಯಾಂಕಿನ ಹೆಸರೂ, ಅದು ಚಾಲ್ತಿಯಲ್ಲಿದೆಯೋ ಇಲ್ಲವೋ ಎನ್ನುವುದೂ ಕಾಣುತ್ತದೆ. ಅರ್ಜಿಗೆ ಮೊದಲು ಒಮ್ಮೆ ನೋಡಲೇಬೇಕು.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಇನ್ನೊಂದು ಎಚ್ಚರಿಕೆ. ಮೆಟ್ರಿಕ್ ನಂತರದ ವೇತನದಲ್ಲಿ ಕೇಂದ್ರದ ಶೇಕಡಾ 60 ಪಾಲು ನೇರ ನಿಮ್ಮ ಖಾತೆಗೇ ಬರುತ್ತದೆ. ಅದರೊಳಗೆ ಕಾಲೇಜಿಗೆ ಕಟ್ಟಬೇಕಾದ ಶುಲ್ಕವೂ ಇರುತ್ತದೆ. ಪೂರ್ತಿ ಕೈಖರ್ಚಿಗೆ ಎಂದು ತಿಳಿದು ಮುಗಿಸಿದರೆ ಪರೀಕ್ಷೆಯ ಹೊತ್ತಿಗೆ ಹಾಲ್ ಟಿಕೆಟ್ಟಿಗೆ ಪರದಾಡಬೇಕಾದೀತು.

ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ: ಊಟ ವಸತಿಗೆಂದು ತಿಂಗಳ ಲೆಕ್ಕದಲ್ಲಿ 10 ತಿಂಗಳ ನೆರವು. ಅದಕ್ಕಾಗಿ ಹಾಸ್ಟೆಲ್ ಅರ್ಜಿ ಹಾಕದೆ ಕೂರಬೇಡಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೋ ತೊರವಿಯ ಅಕ್ಕಮಹಾದೇವಿ ವಿಶ್ವವಿದ್ಯಾಲಯಕ್ಕೋ ಹೊರ ಊರಿನಿಂದ ಬಂದವರಿಗೆ ಹಾಸ್ಟೆಲ್ಲಿನ ಊಟ ವಸತಿಯ ಬೆಲೆ ಆ ನೆರವಿಗಿಂತ ಎಷ್ಟೋ ಹೆಚ್ಚು.

ರೈತರ ಮಕ್ಕಳ ಓದಿಗೆಂದು 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಬಿಎ, ಬಿಕಾಂ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ಎಂದೂ, ಎಂಜಿನಿಯರಿಂಗ್ ಮತ್ತು ಸ್ನಾತಕೋತ್ತರಕ್ಕೆ 10,000 ಮತ್ತು 11,000 ಎಂದೂ ನಿಗದಿಯಾಗಿತ್ತು. ಇದು ಅವಲಂಬಿಸಿರುವುದು ತಂದೆ ಅಥವಾ ತಾಯಿಯ ರೈತ ಗುರುತಿನ ಸಂಖ್ಯೆಯ ಮೇಲೆ. ಉತಾರ, ಅಂದರೆ ಪಹಣಿ, ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಆ ಜಮೀನಿನ ಮೇಲೆ ತಂದೆಗೆ ಸಂಖ್ಯೆ ಸಿಗದು, ವಾರಸಾ ಆಗಿ ಜಮೀನು ತಂದೆಯ ಹೆಸರಿಗೆ ಬರಬೇಕು. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ, ಇಂದೇ ಕೈಹಾಕಿ.

ತಿಂಗಳ ಖರ್ಚಿನಲ್ಲಿ ದೊಡ್ಡ ತುತ್ತು ಖಾನಾವಳಿಯದು. ಎರಡು ಹೊತ್ತಿನ ಲೆಕ್ಕಕ್ಕೆ ಒಪ್ಪುವ ಮೊದಲು, ಊರಿಗೆ ಹೋದ ದಿನಗಳನ್ನು ಕಡಿತ ಮಾಡುತ್ತಾರೆಯೇ ಕೇಳಿ. ಊರಿನಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ಬರುವವರು ಒಂದು ಹೊತ್ತಿಗಷ್ಟೇ ಹಚ್ಚಿಕೊಳ್ಳಬಹುದು.

ಇಷ್ಟಾಗಿಯೂ ಸಾಲದಿದ್ದರೆ ಬ್ಯಾಂಕಿನ ಶಿಕ್ಷಣ ಸಾಲ. ಮೊಬೈಲ್ ಲೋನ್ ಆ್ಯಪ್‌ಗಳ ಹತ್ತಿರ ಸುಳಿಯಬೇಡಿ. ಅವು ಮೊದಲೇ ಶುಲ್ಕ ಮುರಿದುಕೊಂಡು ಕೊಡುತ್ತವೆ, ಕಂತು ತಪ್ಪಿದರೆ ನಿಮ್ಮ ಫೋನಿನಲ್ಲಿರುವ ನಂಬರುಗಳಿಗೆಲ್ಲ ಕರೆ ಹೋಗುತ್ತದೆ. ಶಿಕ್ಷಣ ಸಾಲ 4 ಲಕ್ಷದವರೆಗೆ ಇದ್ದರೆ ಬ್ಯಾಂಕು ಆಸ್ತಿ ಅಡವು ಕೇಳುವಂತಿಲ್ಲ. ಪ್ರವೇಶ ಪತ್ರ, ಶುಲ್ಕದ ವಿವರ, ಅಂಕಪಟ್ಟಿಗಳು, ತಂದೆ ಅಥವಾ ತಾಯಿಯ ಜಂಟಿ ಸಹಿ ಬೇಕು. ಅವರ ಬೆಳೆಸಾಲ ಕಟ್‌ಬಾಕಿಯಾಗಿದ್ದರೆ ಮೊದಲು ಅದನ್ನು ನವೀಕರಿಸಿ, ಬ್ಯಾಂಕಿನವರು ಅದನ್ನೂ ನೋಡುತ್ತಾರೆ. ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷದವರೆಗೆ ಕಂತು ಶುರುವಾಗದು, ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಲಕ್ಷಕ್ಕೆ ಶೇಕಡಾ 10ರಂತೆ ಹಿಡಿದರೆ ತಿಂಗಳಿಗೆ ಸುಮಾರು 830 ರೂಪಾಯಿ. ಕಬ್ಬಿನ ಬಿಲ್ಲು ಬಂದಾಗ ಆ ವರ್ಷದ ಬಡ್ಡಿಯನ್ನಾದರೂ ಕಟ್ಟಿದರೆ ಅದು ಅಸಲಿಗೆ ಸೇರುವುದಿಲ್ಲ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಆ ಬ್ಯಾಂಕಿನ ಮೇಲಿನ ಕಚೇರಿಗೆ ಹೋಗುವಾಗಲೂ, ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರ ಹತ್ತಿರ ಹೋಗುವಾಗಲೂ ಮೊದಲು ಕೇಳುವುದು ಆ ಕಾಗದವನ್ನೇ.