ಕಿಲುಬು ತೊಳೆದ ಕತೆ

ಕೇಳುಗರಿಗೆ ನಮಸ್ಕಾರ.

ಬಹಳ ವರ್ಷದ ಹಿಂದಿನ ಮಾತು. ನಾನಾಗ ಒಂದು ಸಣ್ಣ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದೆ. ಯಾವ ಊರು ಅಂತ ಹೇಳುವುದಿಲ್ಲ, ಬಿಡಿ. ಒಂದು ಸೋಮವಾರ, ಮ್ಯೂಸಿಯಂಗೆ ರಜೆ. ಯಾವುದೋ ಫೈಲು ಬೇಕಾಗಿ ಹೋಗಿದ್ದೆ. ಬಾಗಿಲು ತೆಗೆದರೆ ಗಮ್ಮಂತ ಹುಣಸೆಹಣ್ಣಿನ ವಾಸನೆ. ಲೋಹದ ಸಾಮಾನಿನ ಕೋಣೆಯಿಂದ ಬರುತ್ತಿತ್ತು. ಬಗ್ಗಿ ನೋಡಿದೆ. ನಮ್ಮಲ್ಲಿ ಗುಡಿಸಿ ಒರೆಸುವ ಹೆಂಗಸು ಬಕೆಟ್ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ತೆಂಗಿನ ನಾರು. ಮುಂದೆ ಹಳೇ ಪೇಪರ್ ಹಾಸಿ, ಅದರ ಮೇಲೆ ಕಂಚಿನ ಗಿಂಡಿ, ಎರಡು ದೀಪ, ಒಂದು ಪೂಜೆ ಗಂಟೆ. ಸಾಲಾಗಿ, ಹಬ್ಬದ ಹಿಂದಿನ ದಿನ ಮನೆಯಲ್ಲಿ ಇಟ್ಟುಕೊಂಡ ಹಾಗೆ.

ಗಿಂಡಿ ಆಗಲೇ ತೊಳೆದಾಗಿತ್ತು. ನನಗೆ ತೋರಿಸಿದರು. "ನೋಡಿ ಸಾರ್, ಹೆಂಗೆ ಪಳಪಳ ಅಂತೈತೆ. ಏಸು ವರ್ಸದ ಕಿಲುಬೋ ಏನೋ, ಬಿಡ್ತಾನೇ ಇರ್ಲಿಲ್ಲ!"

ಎಷ್ಟು ವರ್ಷದ್ದು ಅಂತ ನನಗೆ ಗೊತ್ತಿತ್ತು. ಹತ್ತಿರ ಹತ್ತಿರ ಮುನ್ನೂರು.

ಮನೆಯಲ್ಲಿ ಕಿಲುಬು ಅಂದರೆ ಕೊಳೆ. ಕಿಲುಬು ಹಿಡಿದ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಅಜ್ಜಿ ಬೈಯುತ್ತಿದ್ದರು, ಅದು ಸರಿಯೂ ಹೌದು. ಮ್ಯೂಸಿಯಂನಲ್ಲಿ ಹಾಗಲ್ಲ. ಗಟ್ಟಿಯಾಗಿ ಕೂತ ಕಿಲುಬು ಆ ವಸ್ತುವಿನ ಚರ್ಮ ಇದ್ದ ಹಾಗೆ. ಕೆಳಗಿನ ಲೋಹವನ್ನು ಕಾಪಾಡುತ್ತದೆ. ಈ ಗಿಂಡಿ ಮಣ್ಣಲ್ಲಿ ಹೂತಿತ್ತೋ, ಗರ್ಭಗುಡಿಯ ಎಣ್ಣೆ ಹೊಗೆಯಲ್ಲಿ ಕೂತಿತ್ತೋ ಅನ್ನುವುದನ್ನೂ ಬಲ್ಲವರಿಗೆ ಹೇಳುತ್ತದೆ. ಹುಣಸೆಹುಳಿ ಅದನ್ನು ತಿಂದುಬಿಡುತ್ತದೆ. ಗಿಂಡಿಯ ಕಂಠದ ಸುತ್ತ ಸಣ್ಣದಾಗಿ ಕೊರೆದ ಅಕ್ಷರಗಳಿದ್ದವು. ತೊಳೆದ ಮೇಲೆ ಬೆಳಕಿಗೆ ಹಿಡಿದು ಹುಡುಕಬೇಕಾಯಿತು.

ಕೂಗಾಡಿದೆ. ಆಕೆ ಗಾಬರಿಯಾಗಿ ಎದ್ದು ನಿಂತರು. ಆಮೇಲೆ ನನ್ನ ಕೋಣೆಗೆ ಹೋಗಿ ಆಕೆಯನ್ನು ಕೆಲಸಕ್ಕೆ ಕಳಿಸಿದ್ದ ಏಜೆನ್ಸಿಗೆ ನೋಟಿಸ್ ಬರೆಯೋಣ ಅಂತ ಟೆಂಡರ್ ಫೈಲ್ ತೆಗೆದೆ. ಷರತ್ತು ಓದಿದೆ. "ನೆಲ, ಗೋಡೆ, ಕಿಟಕಿ, ಶೋಕೇಸ್ ಹಾಗೂ ಅದರೊಳಗಿನ ವಸ್ತುಗಳನ್ನು ಶುಚಿಯಾಗಿಡತಕ್ಕದ್ದು." ಕೆಳಗೆ ಸಹಿ ನನ್ನದೇ. ನಿಜ ಹೇಳಬೇಕೆಂದರೆ ಆ ಷರತ್ತುಗಳನ್ನು ನಾನು ಬರೆದದ್ದೂ ಅಲ್ಲ. ಆಸ್ಪತ್ರೆಯೊಂದರ ಟೆಂಡರ್ ಪ್ರತಿ ತರಿಸಿ, ವಾರ್ಡ್ ಅಂತ ಇದ್ದ ಕಡೆ ಗ್ಯಾಲರಿ ಅಂತ ಟೈಪ್ ಮಾಡಿಸಿದ್ದೆ. ಆಕೆ ಕಾಗದದಲ್ಲಿದ್ದ ಕೆಲಸವನ್ನು, ರಜೆ ದಿನ ಬಂದು, ಚೆನ್ನಾಗಿ ಮಾಡಿದ್ದರು. ನೋಟಿಸ್ ಬರೆಯುವುದಾದರೆ ನನಗೇ ಬರೆದುಕೊಳ್ಳಬೇಕಿತ್ತು.

ಹೊರಗುತ್ತಿಗೆ ಅನ್ನುವ ಪದ ಈಗ ಕನ್ನಡದಲ್ಲಿ ಎಲ್ಲರ ಬಾಯಲ್ಲೂ ಇದೆ. ಡಾಟಾ ಎಂಟ್ರಿ ಹುಡುಗ ಹೊರಗುತ್ತಿಗೆ, ಆಸ್ಪತ್ರೆಯ ನರ್ಸ್ ಹೊರಗುತ್ತಿಗೆ, ಕಚೇರಿಯ ಡ್ರೈವರ್ ಹೊರಗುತ್ತಿಗೆ. ಮ್ಯೂಸಿಯಂ ಕೂಡ ಅದೇ ದಾರಿ ಹಿಡಿದಿದೆ. ಗೇಟಿನ ಸೆಕ್ಯೂರಿಟಿ, ಗುಡಿಸುವವರು, ಟಿಕೆಟ್ ಕೌಂಟರ್, ಕ್ಯಾಂಟೀನು, ಪಾರ್ಕಿಂಗ್ ಅಂತ ಶುರುವಾಗಿ, ಗ್ಯಾಲರಿಯ ವಿನ್ಯಾಸ, ಲೈಟು, ಫಲಕ ಎಲ್ಲವೂ ಟೆಂಡರ್. ಇದರಲ್ಲಿ ಎಲ್ಲವೂ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಟೆಂಡರ್ ಕಾಗದಕ್ಕೆ ಒಂದು ಸ್ವಭಾವ ಇದೆ. ಎಣಿಸಲು ಬರುವುದು ಮಾತ್ರ ಅದರೊಳಗೆ ಹೋಗುತ್ತದೆ. ಎಷ್ಟು ತಲೆ, ಎಷ್ಟು ಪಾಳಿ, ಎಷ್ಟು ಲೀಟರ್ ಫಿನಾಯಿಲ್. ಮೂರನೇ ಶೋಕೇಸಿನ ಗಾಜು ಬಿಸಿಲುಗಾಲದಲ್ಲಿ ಸಡಿಲವಾಗುತ್ತದೆ ಅಂತ ಒಬ್ಬರ ತಲೆಯಲ್ಲಿರುವ ಗುಟ್ಟನ್ನು ಎಲ್ಲಿ ಬರೆಯುವುದು?

ಟೆಂಡರ್ ಕರೆದರೆ ಕಡಿಮೆ ಹೇಳಿದವರಿಗೆ ಕೆಲಸ. ಆದರೆ ಕೂಲಿಯನ್ನು ಸರ್ಕಾರ ನಿಗದಿ ಮಾಡಿರುತ್ತದೆ, ಪಿಎಫ್, ಇಎಸ್‌ಐ ಕೂಡ ಲೆಕ್ಕದ ಪ್ರಕಾರವೇ. ಹಾಗಾದರೆ ಏಜೆನ್ಸಿಗಳು ಪೈಪೋಟಿ ಮಾಡುವುದು ಯಾವುದರ ಮೇಲೆ? ತಮ್ಮ ಕಮಿಷನ್ ಮೇಲೆ. ನನ್ನ ಮೇಜಿನ ಮೇಲೆ ಒಂದು ಸಲ ಕಮಿಷನ್ ಶೇಕಡ ಒಂದಕ್ಕಿಂತ ಕಡಿಮೆ ಹಾಕಿದ ಅರ್ಜಿ ಬಂತು. ಇಷ್ಟರಲ್ಲಿ ನಿಮಗೆ ಗಿಟ್ಟುವುದು ಏನಪ್ಪಾ ಅಂತ ಕೇಳಿದೆ. ಆತ ನಕ್ಕ, ಅಷ್ಟೇ. ಉತ್ತರ ಆಮೇಲೆ ಸಿಕ್ಕಿತು. ಯೂನಿಫಾರ್ಮ್‌ಗೆ ಅಂತ ಸಂಬಳದಲ್ಲಿ ಮುರಿದುಕೊಂಡರು, ಮೂರು ತಿಂಗಳಿಗೊಮ್ಮೆ ಸಂಬಳ ಕೊಟ್ಟರು.

ಈಗ ಸ್ವಲ್ಪ ದೂರ ಹೋಗೋಣ. ಲಂಡನ್ನಿನ ಟ್ರಾಫಲ್ಗರ್ ಚೌಕಕ್ಕೆ.

ಅಲ್ಲಿನ ನ್ಯಾಷನಲ್ ಗ್ಯಾಲರಿ ಶುರುವಾದದ್ದು 1824ರಲ್ಲಿ, ಒಬ್ಬ ಬ್ಯಾಂಕರ್‌ನ ಸಂಗ್ರಹದಿಂದ ಸರ್ಕಾರ ಕೊಂಡ 38 ಚಿತ್ರಗಳಿಂದ. ವ್ಯಾನ್ ಗೋನ ಸೂರ್ಯಕಾಂತಿ, ಲಿಯೊನಾರ್ಡೋನ ಚಿತ್ರಗಳು ಎಲ್ಲ ಅಲ್ಲಿವೆ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. 2014ರಲ್ಲಿ ಅಲ್ಲಿನ ಆಡಳಿತ ಒಂದು ವಿಷಯ ಹೇಳಿತು. ಗ್ಯಾಲರಿಯ ಕೋಣೆಗಳಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಸಹಾಯಕರು, ಭದ್ರತೆಯವರು, ಬಂದವರಿಗೆ ದಾರಿ ಹೇಳುವವರು, ಇವರನ್ನೆಲ್ಲ ಹೊರಗಿನ ಕಂಪನಿಗೆ ಒಪ್ಪಿಸುತ್ತೇವೆ ಅಂತ. ಸುಮಾರು 600 ನೌಕರರಲ್ಲಿ 400 ಮಂದಿಗೆ ಇದು ತಟ್ಟುವಂಥದ್ದು. ಆಡಳಿತದ ವಾದವೂ ಹುರುಳಿಲ್ಲದ್ದಲ್ಲ. ಸರ್ಕಾರದ ಹಣ ಕಡಿಮೆಯಾಗಿದೆ, ಸಂಜೆ ಹೊತ್ತು, ವಾರದ ಕೊನೆಗೆ ಜಾಸ್ತಿ ತೆರೆದಿಡಬೇಕು, ಹಳೇ ಕೆಲಸದ ಪದ್ಧತಿಯಲ್ಲಿ ಅದು ಆಗುವುದಿಲ್ಲ ಅನ್ನುವುದು ಅದರ ಮಾತು.

ನೌಕರರು ಒಪ್ಪಲಿಲ್ಲ. 2015ರ ಫೆಬ್ರವರಿಯಲ್ಲಿ ಮುಷ್ಕರ ಶುರು. ಒಟ್ಟು ಸೇರಿಸಿದರೆ ನೂರು ದಿನ ದಾಟಿತು. ಕೋಣೆ ಕಾಯುವವರು ಇಲ್ಲದೆ ಎಷ್ಟೋ ಕೋಣೆಗಳಿಗೆ ಬೀಗ. ಜಗತ್ತಿನ ಮೂಲೆ ಮೂಲೆಯಿಂದ ಬಂದವರು ಬಾಗಿಲಲ್ಲಿ ನಿಂತು ವಾಪಸ್ ಹೋದರು. ಅಷ್ಟು ದಿನ ಕಣ್ಣಿಗೇ ಬೀಳದೆ ಮೂಲೆಯಲ್ಲಿ ಕೂತವರು ಏಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ, ಅವರಿಲ್ಲದೆ ಚಿತ್ರ ತೋರಿಸಲು ಆಗುವುದಿಲ್ಲ ಅಂತ. ಬೇಸಿಗೆಯಲ್ಲಿ ಗುತ್ತಿಗೆ ಸೆಕ್ಯುರಿಟಾಸ್ ಅನ್ನುವ ಕಂಪನಿಗೆ ಹೋಯಿತು. ಆಗಸ್ಟಿನಲ್ಲಿ ಹೊಸ ನಿರ್ದೇಶಕರಾಗಿ ಗೇಬ್ರಿಯೆಲೆ ಫಿನಾಲ್ಡಿ ಬಂದರು. ಅಕ್ಟೋಬರಿನಲ್ಲಿ ರಾಜಿ ಆಯಿತು. ಕೆಲಸದಿಂದ ತೆಗೆದಿದ್ದ ಸಂಘದ ಪ್ರತಿನಿಧಿ ವಾಪಸ್ ಬಂದರು, ಲಂಡನ್ನಿನ ಖರ್ಚಿಗೆ ತಕ್ಕ ಕನಿಷ್ಠ ಕೂಲಿಗೆ ಒಪ್ಪಿಗೆ ಸಿಕ್ಕಿತು. ಆದರೆ ಗುತ್ತಿಗೆ ರದ್ದಾಗಲಿಲ್ಲ.

ಸ್ವಂತ ನೌಕರರಿದ್ದ ಕಾಲದಲ್ಲಿ ಅಲ್ಲಿ ಏನೂ ಆಗಿರಲಿಲ್ಲವೇ? ಆಗಿತ್ತು. 1914ರಲ್ಲಿ ಮೇರಿ ರಿಚರ್ಡ್ಸನ್ ಅನ್ನುವ ಮಹಿಳೆ, ಹೆಣ್ಣುಮಕ್ಕಳ ಮತದಾನದ ಹಕ್ಕಿಗೆ ಹೋರಾಡುತ್ತಿದ್ದವರು, ವೆಲಾಸ್ಕ್ವೆಜ್‌ನ ಪ್ರಸಿದ್ಧ ಚಿತ್ರಕ್ಕೆ ಮಾಂಸ ಕತ್ತರಿಸುವ ಮಚ್ಚಿನಿಂದ ಹೊಡೆದರು. 1961ರಲ್ಲಿ ಗೋಯಾ ಬರೆದ ವೆಲಿಂಗ್ಟನ್‌ನ ಚಿತ್ರವನ್ನು ಪ್ರದರ್ಶನಕ್ಕಿಟ್ಟು ಮೂರು ವಾರ ಆಗಿರಲಿಲ್ಲ, ಕಳ್ಳತನವಾಯಿತು. ಕಳ್ಳ ಬಂದದ್ದು ಶೌಚಾಲಯದ ಕಿಟಕಿಯಿಂದ! ಹಾಗಾಗಿ ಖಾಯಂ ನೌಕರ ಅಂದ ಮಾತ್ರಕ್ಕೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾನೆ ಅನ್ನುವ ಭ್ರಮೆ ನನಗಿಲ್ಲ. ಖಾಯಂ ಆದವರು ಕುರ್ಚಿಯಲ್ಲಿ ಗೊರಕೆ ಹೊಡೆದದ್ದನ್ನು ನಾನೇ ಕೇಳಿದ್ದೇನೆ.

ಅದೇ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಕತೆ ಬೇರೆ ಥರ. ಅದು 2013ರಲ್ಲಿ ಕ್ಲೀನಿಂಗ್ ಮತ್ತಿತರ ಕೆಲಸಗಳನ್ನು ಕ್ಯಾರಿಲಿಯನ್ ಅನ್ನುವ ದೈತ್ಯ ಕಂಪನಿಗೆ ಕೊಟ್ಟಿತು. ಆ ಕಂಪನಿ ಆಸ್ಪತ್ರೆ ಕಟ್ಟುತ್ತಿತ್ತು, ರೈಲು ಕೆಲಸ ಮಾಡುತ್ತಿತ್ತು, ಜೈಲು ನೋಡಿಕೊಳ್ಳುತ್ತಿತ್ತು, ಶಾಲೆಗೆ ಊಟ ಕೊಡುತ್ತಿತ್ತು. 2018ರ ಜನವರಿ 15ರ ಬೆಳಿಗ್ಗೆ ದಿವಾಳಿ ಎದ್ದಿತು. ಎಲ್ಲೋ ರಸ್ತೆ ಗುತ್ತಿಗೆಯಲ್ಲಿ, ಆಸ್ಪತ್ರೆ ಕಟ್ಟಡದಲ್ಲಿ ಆದ ನಷ್ಟ. ಅದರ ಬಿಸಿ ಈಜಿಪ್ಟಿನ ಮಮ್ಮಿಗಳ ಕೋಣೆ ಗುಡಿಸುವವರಿಗೆ ತಗುಲಿತು. ನಮ್ಮ ಸಂಬಳ ಯಾರು ಕೊಡುತ್ತಾರೆ ಅಂತ ಅವರು ಕೇಳುವ ಹಾಗಾಯಿತು.

ಇಷ್ಟು ಕೇಳಿದವರು, ಹಾಗಾದರೆ ಹೊರಗಿನವರನ್ನು ಒಳಗೆ ಬಿಡಲೇಬಾರದು ಅಂತೀರಾ ಅನ್ನಬಹುದು. ಇಲ್ಲ. ಕೈರೋದ ಕತೆ ನೋಡಿ. ಹಳೇ ಈಜಿಪ್ಟಿನ ದೊರೆ ಟುಟಾಂಖಾಮನ್‌ನ ಚಿನ್ನದ ಮುಖವಾಡ ಆಗ ಅಲ್ಲಿನ ಮ್ಯೂಸಿಯಂನಲ್ಲಿತ್ತು. 2014ರಲ್ಲಿ ಶೋಕೇಸಿನ ಕೆಲಸ ನಡೆಯುವಾಗ ಅದರ ಗಡ್ಡ ಕಳಚಿ ಬಂತು. ಮ್ಯೂಸಿಯಂನ ಸ್ವಂತ ನೌಕರರು ಏನು ಮಾಡಿದರು ಗೊತ್ತಾ? ಎಪಾಕ್ಸಿ ಅಂಟು ಹಾಕಿ ಅಂಟಿಸಿದರು. ಹೊರಗೆ ಬಂದ ಅಂಟನ್ನು ಕೆರೆಯಲು ಹೋಗಿ ಚಿನ್ನದ ಮೇಲೆ ಗೀರು ಬಿತ್ತು. 2015ರಲ್ಲಿ ವಿಷಯ ಬಯಲಾದ ಮೇಲೆ ಜರ್ಮನಿಯ ಕ್ರಿಶ್ಚಿಯನ್ ಎಕ್‌ಮನ್ ಅನ್ನುವ ಲೋಹದ ತಜ್ಞರನ್ನು ಕರೆಸಿದರು. ಅವರ ತಂಡ ಆ ಅಂಟನ್ನು ಮರದ ಕಡ್ಡಿಗಳಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ, ಗಡ್ಡವನ್ನು ಜೇನುಮೇಣದಿಂದ ಕೂರಿಸಿತು. ಹಳೇ ಈಜಿಪ್ಟಿನವರು ಬಳಸುತ್ತಿದ್ದದ್ದೂ ಅದನ್ನೇ. ನೋಡಿ, ಕೆಡಿಸಿದವರು ಒಳಗಿನವರು, ಸರಿ ಮಾಡಿದವರು ಹೊರಗಿನವರು.

ನನ್ನ ಲೆಕ್ಕ ಇಷ್ಟೇ. ಒಂದು ಸಲ ಬಂದು, ತನ್ನ ವಿದ್ಯೆ ತೋರಿಸಿ, ಮುಗಿಸಿ ಹೋಗುವ ಕೆಲಸಕ್ಕೆ ಹೊರಗಿನವರು ಬೇಕು. ಲೈಟಿನ ಎಂಜಿನಿಯರು, ಲೋಹದ ತಜ್ಞ, ಗ್ಯಾಲರಿ ವಿನ್ಯಾಸ ಮಾಡುವವರು. ನಾವೇ ಮಾಡುತ್ತೇವೆ ಅಂತ ಹಟ ಹಿಡಿದರೆ ಟ್ಯೂಬ್‌ಲೈಟು ಶಿಲ್ಪದ ಮೂಗಿನ ಮೇಲೆಯೇ ಬೀಳುವ ಗ್ಯಾಲರಿ ತಯಾರಾಗುತ್ತದೆ. ಅಂಥವು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ದಿನಾ ಅದೇ ವಸ್ತುವಿನ ಮುಂದೆ ನಿಂತು ನೋಡುವ ಕಣ್ಣು ಇದೆಯಲ್ಲ, ಅದನ್ನು ಕಡಿಮೆ ದರದವರಿಗೆ ವರ್ಷಕ್ಕೊಮ್ಮೆ ಹರಾಜು ಹಾಕಬಾರದು.

ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಅದನ್ನು ಒಂದು ಖಾಸಗಿ ಪ್ರತಿಷ್ಠಾನ ದತ್ತು ತೆಗೆದುಕೊಳ್ಳುವುದು ಅಂತ 2015ರಲ್ಲಿ ಒಪ್ಪಂದ ಆಯಿತು. ಮರುವರ್ಷ ಕಲಾವಿದರು ಅಂಗಳದಲ್ಲಿ ಕೂತು ಚಿತ್ರ ಬರೆದು ಪ್ರತಿಭಟನೆ ಮಾಡಿದರು. ಆ ಯೋಜನೆ ನಡೆಯಲಿಲ್ಲ. ಅದರ ಒಳಿತು ಕೆಡುಕಿನ ಚರ್ಚೆ ಇವತ್ತು ಬೇಡ. ನಾನು ಹೇಳಬೇಕೆಂದಿರುವುದು ಅದರ ಪಕ್ಕದ ಕೆಂಪು ಕಟ್ಟಡದ ಸರ್ಕಾರಿ ಮ್ಯೂಸಿಯಂನಲ್ಲಿರುವ ಒಂದು ಕಲ್ಲಿನ ವಿಷಯ. ಆತಕೂರಿನ ಶಾಸನ. ಹತ್ತನೇ ಶತಮಾನದ್ದು, ಮಂಡ್ಯ ಜಿಲ್ಲೆಯ ಮದ್ದೂರಿನ ಕಡೆಯದು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಜಗಳದ ಚಿತ್ರ. ಮಣಲೇರ ಅನ್ನುವ ವೀರ, ಯುದ್ಧದಲ್ಲಿ ಗೆದ್ದಾಗ ಏನು ಬೇಕು ಕೇಳು ಅಂತ ಒಡೆಯ ಬೂತುಗ ಹೇಳಿದ್ದಕ್ಕೆ, ಕಾಳಿ ಅನ್ನುವ ಬೇಟೆನಾಯಿ ಕೊಡಿ ಅಂದ. ಆ ಕಾಳಿ ಹಂದಿಯ ಜೊತೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಇದು.

ಎಲ್ಲರೂ ನಾಯಿಯ ಕತೆ ಹೇಳಿ ನಿಲ್ಲಿಸುತ್ತಾರೆ. ನನ್ನ ಕಣ್ಣು ಹೋಗುವುದು ಅದರ ಮುಂದಿನ ಸಾಲಿಗೆ. ಕಲ್ಲು ನೋಡಿಕೊಳ್ಳಲು ಭೂಮಿ ಬಿಟ್ಟಿದ್ದಾರೆ. ನೋಡಿಕೊಳ್ಳುವ ಗೊರವ, ಅಂದರೆ ಶಿವನ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ಸುತ್ತಿಕೊಳ್ಳುತ್ತದೆ ಅಂತ ಅಲ್ಲೇ ಕೊರೆಸಿದ್ದಾರೆ. ಟೆಂಡರ್ ಬರೆದು ಬರೆದು ಸವೆದ ಮನುಷ್ಯ ನಾನು, ನನಗೆ ಅದು ಷರತ್ತಿನ ಹಾಗೆ ಕಂಡಿತು. ಕೆಲಸ ಯಾವುದು, ಯಾರದು, ಎಷ್ಟು ಹೊತ್ತಿಗೆ ಮಾಡಬೇಕು, ಮಾಡದಿದ್ದರೆ ಏನು, ಎಲ್ಲ ಇದೆ. ಊಟಕ್ಕೆ ಮುಂಚೆ ದಿನಾ ಒಂದು ಸಲ ಆ ಕಲ್ಲನ್ನು ಕಣ್ಣಾರೆ ನೋಡಲೇಬೇಕು. ನನ್ನ ಟೆಂಡರಿನ 42 ಪುಟದಲ್ಲಿ ಅಂಥ ಒಂದು ಸಾಲಿರಲಿಲ್ಲ.

ಗಿಂಡಿಯ ಕತೆಗೆ ಬರುತ್ತೇನೆ. ಆವತ್ತು ಸಂಜೆ ಆ ಹೆಂಗಸನ್ನು ಕೂರಿಸಿಕೊಂಡು, "ಅಮ್ಮ, ತಪ್ಪು ನನ್ನದು, ಬೇಜಾರು ಮಾಡ್ಕೋಬೇಡಿ" ಅಂದೆ. ಆಮೇಲೆ ವಾರಕ್ಕೊಂದು ದಿನ ಅರ್ಧ ಗಂಟೆ, ಏನು ಮುಟ್ಟಬೇಕು, ಏನು ಮುಟ್ಟಬಾರದು ಅಂತ ಹೇಳಿಕೊಟ್ಟೆ. ಮೆತ್ತನೆ ಬ್ರಷ್ಷು, ಒಣ ಹತ್ತಿ ಬಟ್ಟೆ, ನೀರು ಬೇಡವೇ ಬೇಡ. ಬಿಲ್ಲಿನಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಆರು ತಿಂಗಳಾಗಿರಬಹುದು. ಮಳೆಗಾಲ. ಆಕೆ ಬಂದು ಬಾಗಿಲಲ್ಲಿ ನಿಂತರು. "ಸಾರ್, ಆ ನಟರಾಜನ ಕಾಲತ್ರ ಹಸಿರು ಪುಡಿ ಉದುರೈತೆ. ಕಿಲುಬಲ್ಲ ಸಾರ್ ಇದು. ಬೇರೆ ಥರ, ತಿಳಿ ಹಸಿರು. ನಾನು ಮುಟ್ಟಿಲ್ಲ."

ಹೋಗಿ ನೋಡಿದೆ. ಕಂಚಿಗೆ ಬರುವ ಕಾಯಿಲೆ ಅದು. ಲೋಹದೊಳಗೆ ಸೇರಿದ ಉಪ್ಪಿನಂಶ ತೇವ ತಗುಲಿ ಕೆರಳುತ್ತದೆ, ಲೋಹ ಪುಡಿಪುಡಿಯಾಗಿ ಉದುರುತ್ತದೆ. ಬಿಟ್ಟರೆ ಒಳಗೊಳಗೇ ತಿನ್ನುತ್ತದೆ. ನಾನು ವಾರದಲ್ಲಿ ಮೂರು ಸಲ ಆ ಕೋಣೆ ಹಾದು ಹೋಗಿದ್ದೆ, ಕಂಡಿರಲಿಲ್ಲ. ಆ ನಟರಾಜನನ್ನು ಒಣ ಜಾಗಕ್ಕೆ ಸಾಗಿಸಿ, ಹೊರಗಿನಿಂದ ತಜ್ಞರನ್ನು ಕರೆಸಿ ಚಿಕಿತ್ಸೆ ಮಾಡಿಸಿದೆವು. ಉಳಿಯಿತು.

ಮುಂದಿನ ಏಪ್ರಿಲ್‌ಗೆ ಟೆಂಡರ್ ಅವಧಿ ಮುಗಿಯಿತು. ಬೇರೆ ಏಜೆನ್ಸಿ ಬಂತು, ಕಮಿಷನ್ ಇನ್ನೂ ಕಡಿಮೆ. ಅವರು ತಮ್ಮ ಕಡೆಯ ಜನರನ್ನೇ ಕರೆತಂದರು. ಈಕೆಯನ್ನು ಇಟ್ಟುಕೊಳ್ಳಿ ಅಂತ ನಾನು ಬಾಯಿಮಾತಲ್ಲಿ ಹೇಳಿದೆ. ಬರವಣಿಗೆಯಲ್ಲಿ ಹೇಳಲು ನಿಯಮದಲ್ಲಿ ಜಾಗ ಇರಲಿಲ್ಲ. ಏಪ್ರಿಲ್ ಒಂದನೇ ತಾರೀಕು ಆಕೆ ಬಂದು ಬ್ರಷ್ಷು, ಬಟ್ಟೆ ನನ್ನ ಮೇಜಿನ ಮೇಲೆ ಇಟ್ಟರು. ಬಟ್ಟೆ ಒಗೆದು ಮಡಿಸಿ ತಂದಿದ್ದರು. ಹೊಸದಾಗಿ ಬಂದವರು ಅಷ್ಟರಲ್ಲಿ ಕಾರಿಡಾರಿನಲ್ಲಿ ಫಿನಾಯಿಲ್ ಹಾಕುತ್ತಿದ್ದರು. ಒಬ್ಬಾಕೆ ಬಂದು ಕೇಳಿದರು, "ಸಾರ್, ಒಳಗಿನ ಸಾಮಾನೂ ತೊಳೀಬೇಕಾ?"

ನಮಸ್ಕಾರ.